ಐದನೆಯ ಕಂತು ಮೊದಲು ಕೈಗೆ ಸಿಕ್ಕರೆ

ಅಕ್ಕನ ಮಗಳು ಕಳೆದ ತಿಂಗಳು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಯೊಂದರಿಂದ ಬೆನ್ ಆರನೊವಿಚ್ ಬರೆದ 'ಫಾಕ್ಸ್‌ಗ್ಲವ್ ಸಮ್ಮರ್' ಕಾದಂಬರಿಯನ್ನು ಕೊಂಡು ತಂದಳು. ಮುಖಪುಟ ಚೆನ್ನಾಗಿತ್ತು, ಬೆಲೆ ಇನ್ನೂ ಚೆನ್ನಾಗಿತ್ತು. ಇಂಗ್ಲೆಂಡಿನ ಹಳ್ಳಿಯೊಂದರಿಂದ ಇಬ್ಬರು ಹುಡುಗಿಯರು ಕಾಣೆಯಾಗಿದ್ದಾರೆ, ಮಂತ್ರವಿದ್ಯೆ ಕಲಿಯುತ್ತಿರುವ ಲಂಡನ್ನಿನ ಕಾನ್‌ಸ್ಟೆಬಲ್ ಒಬ್ಬ ಅವರನ್ನು ಹುಡುಕಲು ಬರುತ್ತಾನೆ. ಇಷ್ಟು ಓದಿದರೆ ಯಾರಿಗಾದರೂ ಕೊಳ್ಳುವ ಮನಸ್ಸಾಗುತ್ತದೆ. ಮನೆಗೆ ಬಂದು ಒಳಪುಟ ತಿರುವಿದಾಗ ಇದು ಸರಣಿಯ ಐದನೆಯ ಪುಸ್ತಕವೆಂದು ತಿಳಿಯಿತು. ಫೋನ್ ಮಾಡಿದಳು: "ಮಾಮ, ಹಿಂದಿನ ನಾಲ್ಕನ್ನು ಓದದೆ ಇದನ್ನು ಓದಬಹುದೇ? ಇಲ್ಲವಾದರೆ ಹಿಂದಿರುಗಿಸಿಬಿಡುತ್ತೇನೆ."

"ಮೊದಲಿನಿಂದ ಓದು" ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಏಕೆಂದರೆ ನಾನೇ ಆ ನಿಯಮವನ್ನು ಪಾಲಿಸಿದವನಲ್ಲ. ಜಿಮ್ ಬುಚರ್ ಬರೆದ ಡ್ರೆಸ್ಡನ್ ಸರಣಿಯನ್ನು ನಾನು ಏಳನೆಯ ಪುಸ್ತಕ 'ಡೆಡ್ ಬೀಟ್'ನಿಂದ ಆರಂಭಿಸಿದೆ. ಹುಬ್ಬಳ್ಳಿಗೆ ಹೋಗುವ ರಾತ್ರಿ ರೈಲಿನಲ್ಲಿ ಓದಲು ಅದೊಂದೇ ಇತ್ತು. ಶಿಕಾಗೋದ ಮಾಂತ್ರಿಕ ಪತ್ತೇದಾರ ಹ್ಯಾರಿ ಡ್ರೆಸ್ಡನ್ ಯಾರು, ಅವನ ಮನೆಯಲ್ಲಿರುವ ತಲೆಬುರುಡೆ ಏಕೆ ಮಾತಾಡುತ್ತದೆ ಎಂಬುದೆಲ್ಲ ನಡುವೆ ನಡುವೆ ತಿಳಿಯುತ್ತಾ ಹೋಯಿತು, ತುಮಕೂರು ದಾಟುವ ಮೊದಲೇ ನಾನು ಕಥೆಯೊಳಗಿದ್ದೆ. ಆ ಧೈರ್ಯದಲ್ಲಿ ಮುಂದೆ ಸಿಕ್ಕಿದ ಹನ್ನೆರಡನೆಯ ಪುಸ್ತಕ 'ಚೇಂಜಸ್' ಅನ್ನೂ ಹಾಗೆಯೇ ಓದಿ ಕೆಟ್ಟೆ. ಅದರ ಮೊದಲ ಸಾಲಿನಲ್ಲೇ ಹ್ಯಾರಿಗೆ ಫೋನಿನಲ್ಲಿ ಒಂದು ಸುದ್ದಿ ಬರುತ್ತದೆ. ಹಿಂದಿನದನ್ನು ಬಲ್ಲವರಿಗೆ ಅದು ಸಿಡಿಲು. ನನಗೆ ಅದು ಯಾರೋ ಇಬ್ಬರ ಸಂಸಾರದ ಸಂಗತಿಯಾಗಿತ್ತು. ಮುಂದೆ ಒಬ್ಬೊಬ್ಬರಾಗಿ ಹಳಬರು ಬಂದು ತಮ್ಮ ತಮ್ಮ ಲೆಕ್ಕ ಚುಕ್ತಾ ಮಾಡಿಕೊಂಡು ಹೋದರು. ನಾನು ಗುರುತಿಲ್ಲದವರ ಮದುವೆಯಲ್ಲಿ ಊಟಕ್ಕೆ ಕುಳಿತವನಂತೆ ಎಲೆ ನೋಡುತ್ತಾ ಕುಳಿತಿದ್ದೆ.

ಒಬ್ಬನೇ ಲೇಖಕ, ಒಂದೇ ಸರಣಿ. ಏಳನೆಯದು ಬಾಗಿಲು ತೆರೆಯಿತು, ಹನ್ನೆರಡನೆಯದು ಮುಚ್ಚಿತು. ಅಂದಿನಿಂದ ಯಾರಾದರೂ "ಎಷ್ಟನೆಯ ಪುಸ್ತಕದಿಂದ ಓದಲಿ?" ಎಂದರೆ ನಾನು ಸಂಖ್ಯೆ ಹೇಳುವುದಿಲ್ಲ. ಕೈಯಲ್ಲಿರುವ ಪುಸ್ತಕ ಹೊಸ ಖಾತೆ ತೆರೆಯುತ್ತದೆಯೋ, ಹಳೆಯ ಸಾಲ ತೀರಿಸುತ್ತದೆಯೋ ಎಂದು ಮೊದಲು ನೋಡಿಕೊಳ್ಳಿ ಎನ್ನುತ್ತೇನೆ.

ತೂಗುವ ಮೊದಲು

ಯಕ್ಷಗಾನಕ್ಕೆ ನಡುರಾತ್ರಿಯಲ್ಲಿ ಹೋದವನಿಗೂ ನಷ್ಟವಿಲ್ಲ. ಕರ್ಣ ರಂಗದ ಮೇಲೆ ನಿಂತಿದ್ದರೆ ಅವನ ಹುಟ್ಟು, ಶಾಪ, ಋಣ ಎಲ್ಲವೂ ನೋಡುವವನಿಗೆ ಮನೆಯಿಂದಲೇ ಗೊತ್ತಿರುತ್ತದೆ. ಅರ್ಬನ್ ಫ್ಯಾಂಟಸಿ ಎಂದು ಕರೆಯುವ ಈ ಜಾತಿಯ ಕಾದಂಬರಿಗಳಲ್ಲಿ ಆ ಅನುಕೂಲವಿಲ್ಲ. ನಗರ ಮಾತ್ರ ನಿಜವಾದದ್ದು. ಅದರ ಸಂದುಗಳಲ್ಲಿ ವಾಸಿಸುವ ದೇವತೆಗಳು, ಪಿಶಾಚಿಗಳು, ಅವರ ಜಗಳ, ಒಪ್ಪಂದ, ಕಟ್ಟಳೆ ಎಲ್ಲವನ್ನೂ ಲೇಖಕ ಕಂತುಕಂತಾಗಿ ಕಟ್ಟಿರುತ್ತಾನೆ. ತಡವಾಗಿ ಬಂದವನಿಗೆ ಅದನ್ನು ಹೇಳಿಕೊಡಲು ಮನೆಯಲ್ಲಿ ಅಜ್ಜಿ ಇರುವುದಿಲ್ಲ.

ಆದ್ದರಿಂದ ಮೊದಲ ಮಾನದಂಡ ಹಳೆಯ ಬಾಕಿ. ಪುಸ್ತಕದ ಮುಖ್ಯ ಪ್ರಕರಣ ಅಲ್ಲಿಯೇ ಹುಟ್ಟಿ ಅಲ್ಲಿಯೇ ಮುಗಿಯುತ್ತದೆಯೇ, ಅಥವಾ ಹಿಂದಿನ ಮೂರು ಪುಸ್ತಕಗಳಿಂದ ತಪ್ಪಿಸಿಕೊಂಡು ಬಂದ ಖಳನೇ ಇಲ್ಲಿಯೂ ಇದ್ದಾನೆಯೇ? ಅಂಗಡಿಯಲ್ಲಿ ನಿಂತೇ ಇದನ್ನು ಪರೀಕ್ಷಿಸಬಹುದು. ಮೊದಲ ಹತ್ತು ಪುಟ ಓದಿ, ಪರಿಚಯವಿಲ್ಲದೆ ಬಂದುಹೋಗುವ ಹೆಸರುಗಳನ್ನು ಎಣಿಸಿ. ಮೂರು ನಾಲ್ಕು ಇದ್ದರೆ ಅಂಜಬೇಕಾಗಿಲ್ಲ. ಹತ್ತು ದಾಟಿದರೆ, ಅದರಲ್ಲೂ ನಿರೂಪಕ ಯಾರದೋ ಹೆಸರನ್ನು ಹೇಳಲು ಹಿಂಜರಿಯುತ್ತಿದ್ದರೆ, ಹಿಂದೆ ಏನೋ ದೊಡ್ಡದು ನಡೆದಿದೆ ಎಂದು ಅರ್ಥ.

ಎರಡನೆಯದು ಗುಟ್ಟಿನ ಬೆಲೆ. ಇದನ್ನು ಜನ ಮೊದಲನೆಯದರೊಂದಿಗೆ ಕಲಸಿಬಿಡುತ್ತಾರೆ. ಹಳೆಯದು ತಿಳಿಯದೆ ಈ ಪುಸ್ತಕ ಅರ್ಥವಾಗುತ್ತದೆಯೇ ಎಂಬುದು ಒಂದು ಪ್ರಶ್ನೆ. ಇದನ್ನು ಓದಿದ ಮೇಲೆ ಹಳೆಯದನ್ನು ಓದುವ ಸುಖ ಉಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಚೆನ್ನಾಗಿ ಅರ್ಥವಾಗುವ ಪುಸ್ತಕವೇ ಹಿಂದಿನ ಪುಸ್ತಕದ ಗುಟ್ಟನ್ನು ಸಲೀಸಾಗಿ ಬಿಟ್ಟುಕೊಡುವುದುಂಟು, ಏಕೆಂದರೆ ಹೊಸಬರಿಗೆ ವಿವರಿಸುವ ಹೊಣೆಯನ್ನು ಅದು ಹೊತ್ತಿರುತ್ತದೆ.

ಇನ್ನು ಕಾಲ, ಹಣ, ಭಾಷೆ. ಕಾಲದ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಹಾಕಿ ನೋಡಿ. ಸುಮಾರು ಮುನ್ನೂರೈವತ್ತು ಪುಟದ ಇಂಗ್ಲಿಷ್ ಕಾದಂಬರಿಗೆ ಗಂಟೆಗೆ ಮೂವತ್ತೈದು ಪುಟದಂತೆ ಹತ್ತು ಗಂಟೆ. ನಾಲ್ಕು ಪುಸ್ತಕಕ್ಕೆ ನಲವತ್ತು. ದಿನಕ್ಕೆ ಅರ್ಧ ಗಂಟೆ ಓದುವವರಿಗೆ ಎಂಬತ್ತು ದಿನ. 'ಮೊದಲಿನಿಂದ ಓದು' ಎಂಬ ಎರಡು ಪದದ ಸಲಹೆಯ ಉದ್ದ ಇಷ್ಟು.

ಈಗಲೇ ಓದಿಬಿಡುವುದು

'ಫಾಕ್ಸ್‌ಗ್ಲವ್ ಸಮ್ಮರ್'ನ ಮಟ್ಟಿಗೆ ಇದು ಹುಚ್ಚು ಸಾಹಸವೇನಲ್ಲ. 2014ರಲ್ಲಿ ಬಂದ ಈ ಪುಸ್ತಕದಲ್ಲಿ ಆರನೊವಿಚ್ ತನ್ನ ನಾಯಕ ಪೀಟರ್ ಗ್ರಾಂಟ್‌ನನ್ನು ಲಂಡನ್ನಿನಿಂದ ಎತ್ತಿ ಹೆರೆಫೋರ್ಡ್‌ಶೈರ್‌ನ ಹಳ್ಳಿಗಾಡಿಗೆ ಒಯ್ಯುತ್ತಾನೆ. ಸರಣಿಯ ಹೆಸರೇ 'ಲಂಡನ್ನಿನ ನದಿಗಳು' ಎಂದಿರುವಾಗ ಇದು ಸಣ್ಣ ಬದಲಾವಣೆಯಲ್ಲ. ಪೀಟರ್‌ನ ಗುರು, ಮೆಟ್ರೋಪಾಲಿಟನ್ ಪೊಲೀಸ್ ಪಡೆಯಲ್ಲಿ ಉಳಿದಿರುವ ಹಳೆಯ ಮಾಂತ್ರಿಕ ನೈಟಿಂಗೇಲ್, ಬಹುಪಾಲು ದೂರದಲ್ಲೇ ಇರುತ್ತಾನೆ. ಗುರುಶಿಷ್ಯರ ಠಾಣೆ, ರಸೆಲ್ ಸ್ಕ್ವೇರಿನ 'ಫಾಲಿ' ಎಂಬ ಹಳೆಯ ಮಹಲು, ಹಿನ್ನೆಲೆಗೆ ಸರಿಯುತ್ತದೆ. ಹೊಸ ಊರು, ಹೊಸ ಜನ, ಬಿರುಬೇಸಿಗೆ, ಕಾಣೆಯಾದ ಮಕ್ಕಳು. ಪೀಟರ್‌ನಷ್ಟೇ ಓದುಗನೂ ಅಲ್ಲಿ ಅಪರಿಚಿತ. ಹೊಸಬರನ್ನು ಒಳಗೆ ಬಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗಲಾರದು.

ಮಂತ್ರವಿದ್ಯೆಯ ಕಟ್ಟಳೆಗಳೂ ಕಷ್ಟವಲ್ಲ. ಈ ಜಗತ್ತಿನಲ್ಲಿ ಆ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವನು ಐಸಾಕ್ ನ್ಯೂಟನ್. ಮಂತ್ರ ಪ್ರಯೋಗಿಸಿದರೆ ಹತ್ತಿರದಲ್ಲಿರುವ ಮೊಬೈಲಿನ ಚಿಪ್ಪು ಸುಟ್ಟು ಪುಡಿಯಾಗುತ್ತದೆ. ನದಿಗಳಿಗೆಲ್ಲ ದೇವತೆಗಳಿದ್ದಾರೆ, ಅವರು ಮನುಷ್ಯರಂತೆಯೇ ಓಡಾಡುತ್ತಾರೆ. ಇಷ್ಟು ಗೊತ್ತಿದ್ದರೆ ಐದನೆಯ ಪುಸ್ತಕದ ಬಹುಪಾಲು ನಡೆದುಹೋಗುತ್ತದೆ. ಕೊನೆಯದನ್ನು ಒಪ್ಪಿಕೊಳ್ಳಲು ಇಂಗ್ಲೆಂಡಿನ ಓದುಗನಿಗೆ ಸ್ವಲ್ಪ ಹೊತ್ತು ಬೇಕಾಗಬಹುದು. ಕಾವೇರಿಯನ್ನು ತಾಯಿ ಎಂದು ಕರೆದು, ತೀರ್ಥೋದ್ಭವಕ್ಕೆ ತಲಕಾವೇರಿಯಲ್ಲಿ ಕಾದು ನಿಲ್ಲುವ ನಮಗೆ ವಿವರಣೆಯೇ ಬೇಡ.

ಹಾಗಾದರೆ ಬಾಕಿ ಏನೂ ಇಲ್ಲವೇ? ಇದೆ, ಮತ್ತು ಅದು ದೊಡ್ಡದೇ. ನಾಲ್ಕನೆಯ ಪುಸ್ತಕ 'ಬ್ರೋಕನ್ ಹೋಮ್ಸ್'ನ ಕೊನೆಯಲ್ಲಿ ಪೀಟರ್‌ಗೆ ಒಂದು ಪೆಟ್ಟು ಬೀಳುತ್ತದೆ. ಏನೆಂದು ನಾನು ಹೇಳುವುದಿಲ್ಲ. ಐದನೆಯ ಪುಸ್ತಕದುದ್ದಕ್ಕೂ ಆ ನೋವು ಒಳಗೊಳಗೇ ಇರುತ್ತದೆ. ಅವನ ಫೋನಿಗೆ ಆಗಾಗ ಬರುವ ಕೆಲವು ಸಂದೇಶಗಳು, ಅವುಗಳಿಗೆ ಉತ್ತರಿಸುವ ಮೊದಲು ಅವನು ತೆಗೆದುಕೊಳ್ಳುವ ಎಚ್ಚರ, ಹಳ್ಳಿಗೆ ಹೋಗಲು ಅವನು ತೋರಿಸುವ ಅವಸರ, ಇವೆಲ್ಲ ಆ ಪೆಟ್ಟಿನ ನಂತರದ ನಡವಳಿಕೆಗಳು. ಹೊಸ ಓದುಗನಿಗೆ ಸಂಗತಿ ತಿಳಿಯುತ್ತದೆ, ನೋವು ತಟ್ಟುವುದಿಲ್ಲ. ಜೊತೆಗೆ ನಾಲ್ಕನೆಯ ಪುಸ್ತಕದ ಕೊನೆ ಕೆಲಸ ಮಾಡುವುದು ಒಂದೇ ಸಲ. ಅದನ್ನು ಇಲ್ಲಿ ಖರ್ಚು ಮಾಡಿದರೆ ಅಲ್ಲಿ ಸಿಗುವುದಿಲ್ಲ.

ಸರಣಿಯನ್ನು ಪೂರ್ತಿ ಓದುವ ಹಂಬಲವಿಲ್ಲದವರು, ರಜೆಗೆ ಒಂದು ಒಳ್ಳೆಯ ಪುಸ್ತಕ ಸಾಕೆನ್ನುವವರು, ಹಳೆಯ ಪುಸ್ತಕದಂಗಡಿಯ ದರದಲ್ಲಷ್ಟೇ ಕೊಳ್ಳುವವರು ಹಿಂಜರಿಯದೆ ಈಗಲೇ ಓದಲಿ. ಆದರೆ ಈ ಮಾತು ಐದನೆಯದಕ್ಕೆ ಮಾತ್ರ. 2016ರ 'ದಿ ಹ್ಯಾಂಗಿಂಗ್ ಟ್ರೀ' ಅಥವಾ 2018ರ 'ಲೈಸ್ ಸ್ಲೀಪಿಂಗ್' ಮೊದಲು ಸಿಕ್ಕಿದ್ದರೆ ಕಪಾಟಿನಲ್ಲಿಡಿ. ಇವೆರಡೂ ಸರಣಿಯ ಮುಖ್ಯ ಖಳನ ಲೆಕ್ಕವನ್ನು ಇತ್ಯರ್ಥಗೊಳಿಸುವ ಪುಸ್ತಕಗಳು. ಅವನ ಮುಖವೇ ಕಾಣದ ಕಾಲದಿಂದ ಜೊತೆಗೆ ಬಂದವರಿಗಷ್ಟೇ ಅಲ್ಲಿ ರುಚಿ.

ಒಂದರಿಂದ ಬರುವುದು

'ರಿವರ್ಸ್ ಆಫ್ ಲಂಡನ್' ಪ್ರಕಟವಾದದ್ದು 2011ರಲ್ಲಿ. ಇಲ್ಲೊಂದು ಎಚ್ಚರ ಬೇಕು. ಅಮೆರಿಕದ ಮುದ್ರಣದಲ್ಲಿ ಇದೇ ಪುಸ್ತಕದ ಹೆಸರು 'ಮಿಡ್‌ನೈಟ್ ರಯಟ್'. ಹಳೆಯ ಪುಸ್ತಕದಂಗಡಿಗಳಿಗೆ ಎರಡೂ ದೇಶಗಳ ಪ್ರತಿಗಳು ಬರುತ್ತವೆ. ಎರಡು ಬೇರೆ ಬೇರೆ ಕಾದಂಬರಿಗಳೆಂದು ನಂಬಿ ಎರಡನ್ನೂ ಕೊಂಡವನು ನಾನು.

ಕೋವೆಂಟ್ ಗಾರ್ಡನ್ನಿನಲ್ಲಿ ಕೊಲೆಯಾಗಿದೆ. ಕೆಲಸಕ್ಕೆ ಹೊಸಬನಾದ ಪೀಟರ್ ರಾತ್ರಿಯ ಚಳಿಯಲ್ಲಿ ಆ ಜಾಗವನ್ನು ಕಾಯುತ್ತಿದ್ದಾನೆ. ಒಬ್ಬ ಸಾಕ್ಷಿ ಬಂದು ತಾನು ಎಲ್ಲವನ್ನೂ ನೋಡಿದ್ದೇನೆ ಎನ್ನುತ್ತಾನೆ. ತೊಂದರೆಯೆಂದರೆ ಸಾಕ್ಷಿ ಸತ್ತು ಬಹಳ ವರ್ಷವಾಗಿದೆ. ದೆವ್ವವನ್ನು ಕಂಡವನು ಓಡಬೇಕು. ಪೀಟರ್ ಟಿಪ್ಪಣಿ ಪುಸ್ತಕ ತೆಗೆದು ಹೇಳಿಕೆ ಬರೆದುಕೊಳ್ಳುತ್ತಾನೆ. ಸರಣಿಯ ಸ್ವಭಾವವೆಲ್ಲ ಈ ಒಂದು ದೃಶ್ಯದಲ್ಲಿದೆ: ಅದ್ಭುತ ಎದುರಾದಾಗಲೂ ಕಾಗದಪತ್ರ ಸರಿಯಾಗಿರಬೇಕು ಎನ್ನುವ ಸರಕಾರಿ ನೌಕರನ ಮನಸ್ಸು. ನಮ್ಮ ತಾಲ್ಲೂಕು ಕಚೇರಿಗಳನ್ನು ಬಲ್ಲವರಿಗೆ ಇದು ಬೇಗ ಹಿಡಿಸುತ್ತದೆ.

ಕ್ರಮವಾಗಿ ಓದುವವರಿಗೆ ಸಿಗುವ ನಿಜವಾದ ಲಾಭ ಕಥೆಯ ಮಾಹಿತಿಯಲ್ಲ, ನಗರ. ಮೊದಲ ಪುಸ್ತಕದಲ್ಲಿ ಥೇಮ್ಸ್ ನದಿಯ ಮೇಲ್ಭಾಗವನ್ನು ಆಳುವ ಮುದುಕನಿಗೂ, ಕೆಳಭಾಗವನ್ನು ಆಳುವ ನೈಜೀರಿಯಾ ಮೂಲದ ತಾಯಿಗೂ ಇರುವ ಗಡಿ ಜಗಳವನ್ನು ಪೀಟರ್ ಬಗೆಹರಿಸಬೇಕಾಗುತ್ತದೆ. ಆ ತಾಯಿಯ ಹೆಣ್ಣುಮಕ್ಕಳು ಲಂಡನ್ನಿನ ಉಪನದಿಗಳು: ಟೈಬರ್ನ್, ಫ್ಲೀಟ್, ಎಫ್ರಾ, ಬೆವರ್ಲಿ ಬ್ರೂಕ್. ಇವು ಲೇಖಕನ ಕಲ್ಪನೆಯ ಹೆಸರುಗಳಲ್ಲ, ನಿಜವಾದ ಹೊಳೆಗಳು. ಮೊದಲ ಮೂರು ಇಂದು ಬಹುಮಟ್ಟಿಗೆ ರಸ್ತೆಗಳ ಕೆಳಗೆ ಕೊಳವೆಗಳಲ್ಲಿ ಹರಿಯುತ್ತವೆ. ಓದುತ್ತಿದ್ದಾಗ ನನಗೆ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂದು ಹೇಳುವ, ಈಗ ಮೈಸೂರು ರಸ್ತೆಯ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ದಾಟಬೇಕಾದ ವೃಷಭಾವತಿ ನೆನಪಾಗುತ್ತಿದ್ದಳು. ಅವಳಿಗೂ ಒಬ್ಬ ದೇವತೆ ಇದ್ದರೆ ಎಷ್ಟು ಸಿಟ್ಟಿನಲ್ಲಿರಬಹುದು!

ಎರಡನೆಯದಾದ 'ಮೂನ್ ಓವರ್ ಸೋಹೊ' ಕೂಡ 2011ರದ್ದೇ. ಜಾಝ್ ಸಂಗೀತಗಾರರು ಒಬ್ಬೊಬ್ಬರಾಗಿ ಸಾಯುತ್ತಾರೆ, ಪೀಟರ್‌ನ ತಂದೆಯೂ ಜಾಝ್ ವಾದಕನಾದ್ದರಿಂದ ಮನೆಯ ಕಥೆ ಒಳಗೆ ಬರುತ್ತದೆ, ಮುಖ್ಯ ಖಳನ ನೆರಳು ಮೊದಲ ಬಾರಿಗೆ ಬೀಳುತ್ತದೆ. ಮೂರನೆಯದು, 2012ರ 'ವಿಸ್ಪರ್ಸ್ ಅಂಡರ್ ಗ್ರೌಂಡ್', ಬೇಕರ್ ಸ್ಟ್ರೀಟ್ ರೈಲು ನಿಲ್ದಾಣದಲ್ಲಿ ಸತ್ತುಬಿದ್ದ ಅಮೆರಿಕದ ವಿದ್ಯಾರ್ಥಿಯದು. ನಾಲ್ಕನೆಯದರ ಬಗ್ಗೆ ಮೊದಲೇ ಹೇಳಿದ್ದೇನೆ. ಅದರ ಮೊದಲ ಅರ್ಧ ಅಡ್ಡಾದಿಡ್ಡಿ ಹರಿದಂತೆ ಕಾಣುತ್ತದೆ, ಬೇಸರದಿಂದ ಕೆಳಗಿಡಬೇಡಿ.

ಖರ್ಚು? ಹೊಸ ಪ್ರತಿಯೊಂದಕ್ಕೆ ಐನೂರು ರೂಪಾಯಿ ಎಂದು ಹಿಡಿದರೂ ನಾಲ್ಕಕ್ಕೆ ಎರಡು ಸಾವಿರ. ಹಳೆಯವು ಅರ್ಧಕ್ಕೆ ಸಿಗಬಹುದು, ಆದರೆ ಬೇಕಾದ ಸಂಖ್ಯೆ ಬೇಕಾದ ದಿನ ಸಿಗುವುದಿಲ್ಲ. ಈ ಸರಣಿಗಳ ವಿಷಯದಲ್ಲಿ ಹಳೆಯ ಪುಸ್ತಕದಂಗಡಿಯ ಸ್ವಭಾವ ನನಗೆ ಚೆನ್ನಾಗಿ ಗೊತ್ತು. ಆರು, ಎಂಟು, ಮೂರು ಇರುತ್ತವೆ. ಒಂದು ಮಾತ್ರ ಇರುವುದಿಲ್ಲ. ಒಂದನ್ನು ಯಾರೂ ಮಾರುವುದಿಲ್ಲವೋ, ಮಾರಿದ ದಿನವೇ ಯಾರಾದರೂ ಕೊಂಡುಬಿಡುತ್ತಾರೋ! ಆದ್ದರಿಂದ ಮೊದಲನೆಯದನ್ನು ಹೊಸದಾಗಿಯೇ ಕೊಳ್ಳಿ, ಇಷ್ಟವಾದರೆ ಉಳಿದವುಗಳನ್ನು ಬೇಟೆಯಾಡಿ.

ಕಾಲ ಕಡಿಮೆಯಿದ್ದವರಿಗೆ ಅಡ್ಡದಾರಿಯೊಂದಿದೆ: ಒಂದು, ಎರಡು, ನಾಲ್ಕು, ಆಮೇಲೆ ಐದು. ಮೂರನೆಯದನ್ನು ಬಿಟ್ಟರೆ ಮೂಲ ಎಳೆ ಕಡಿಯುವುದಿಲ್ಲ. ಆದರೆ ಪೀಟರ್ ಮತ್ತು ಅವನ ಸಹೋದ್ಯೋಗಿಗಳು ಸುಮ್ಮನೆ ಒಟ್ಟಿಗೆ ಕೆಲಸ ಮಾಡುವ ಸುಖದ ದಿನಗಳು ಅದರಲ್ಲಿವೆ. ನಾಲ್ಕನೆಯದರ ಪೆಟ್ಟು ಎಷ್ಟು ಜೋರಾಗಿ ಬೀಳುತ್ತದೆ ಎಂಬುದು ಆ ದಿನಗಳನ್ನು ನೀವು ಎಷ್ಟು ಪ್ರೀತಿಸಿದ್ದೀರಿ ಎಂಬುದರ ಮೇಲಿದೆ. ಇಪ್ಪತ್ತು ದಿನ ಉಳಿಸಲು ಇಷ್ಟನ್ನು ಬಿಡಬಹುದೇ? ನಾನಾಗಿದ್ದರೆ ಬಿಡುತ್ತಿರಲಿಲ್ಲ. ಪರೀಕ್ಷೆ ಹತ್ತಿರವಿರುವವರು ಬಿಡಲಿ.

ಪಕ್ಕದ ಬಾಗಿಲು

ಬಹಳ ಜನ ಗಮನಿಸದ ಆಯ್ಕೆ ಇದು. ಆರನೊವಿಚ್ ಮುಖ್ಯ ಕಾದಂಬರಿಗಳ ನಡುವೆ ಕಿರುಕಾದಂಬರಿಗಳನ್ನೂ ಬರೆದಿದ್ದಾನೆ. ಅವುಗಳಲ್ಲಿ ಕೆಲವಕ್ಕೆ ಪೀಟರ್ ನಾಯಕನೇ ಅಲ್ಲ. 2019ರ 'ದಿ ಅಕ್ಟೋಬರ್ ಮ್ಯಾನ್' ಜರ್ಮನಿಯ ಟ್ರಿಯರ್ ಪಟ್ಟಣದಲ್ಲಿ, ದ್ರಾಕ್ಷಿ ತೋಟಗಳ ನಡುವೆ ನಡೆಯುತ್ತದೆ. ನಾಯಕ ಟೋಬಿಯಾಸ್ ವಿಂಟರ್ ಅಲ್ಲಿನ ಪೊಲೀಸರ ಮಂತ್ರವಿದ್ಯೆ ಬಲ್ಲ ಅಧಿಕಾರಿ. 2024ರ 'ದಿ ಮಾಸ್ಕರೇಡ್ಸ್ ಆಫ್ ಸ್ಪ್ರಿಂಗ್' 1920ರ ದಶಕದ ನ್ಯೂಯಾರ್ಕಿಗೆ ಹೋಗುತ್ತದೆ. ನೈಟಿಂಗೇಲ್ ಅಲ್ಲಿ ಇನ್ನೂ ಹರೆಯದವನು. ಪೀಟರ್ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಕಥೆಯಾದ್ದರಿಂದ ಮುಖ್ಯ ಸರಣಿಯ ಗುಟ್ಟು ಕೆಡುವ ಭಯ ಬಹಳ ಕಡಿಮೆ. ಎರಡು ಸಂಜೆಗಳಲ್ಲಿ ಮುಗಿಯುತ್ತದೆ. ಲೇಖಕನ ಹಾಸ್ಯ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಇಷ್ಟು ಸಾಕು.

ಐದನೆಯ ಪುಸ್ತಕ ಕೈಯಲ್ಲಿರುವವರಿಗೆ ಇನ್ನೂ ಹತ್ತಿರದ್ದು 2021ರ 'ವಾಟ್ ಅಬಿಗೇಲ್ ಡಿಡ್ ದಟ್ ಸಮ್ಮರ್'. ಪೀಟರ್ ಹಳ್ಳಿಯಲ್ಲಿ ಮಕ್ಕಳನ್ನು ಹುಡುಕುತ್ತಿದ್ದ ಅದೇ ಬೇಸಿಗೆಯಲ್ಲಿ, ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಬಯಲಿನ ಸುತ್ತ ಕಾಣೆಯಾಗುತ್ತಿರುವ ಹುಡುಗ ಹುಡುಗಿಯರನ್ನು ಅವನ ಸಂಬಂಧದ ಹುಡುಗಿ ಅಬಿಗೇಲ್ ಹುಡುಕುತ್ತಾಳೆ. ಜೊತೆಗೆ ಮಾತಾಡುವ ನರಿಗಳಿವೆ. ಮನೆಯಲ್ಲಿ ಹದಿಮೂರು ಹದಿನಾಲ್ಕರ ಓದುಗರಿದ್ದರೆ ನಾನು ಮೊದಲು ಕೊಡುವುದು ಇದನ್ನೇ. ಮುಖ್ಯ ಕಾದಂಬರಿಗಳಲ್ಲಿ ರಕ್ತವೂ ಮಂಚದ ಮಾತೂ ಸಾಕಷ್ಟಿವೆ, ಅವು ದೊಡ್ಡವರಿಗೆ ಬರೆದವು.

ಕೊರತೆ ಎರಡು. ಪುಟ ಕಡಿಮೆಯಾದರೂ ಹೊಸ ಪ್ರತಿಯ ಬೆಲೆ ಆ ಪ್ರಮಾಣದಲ್ಲಿ ಕಡಿಮೆಯಿರುವುದಿಲ್ಲ. ಮತ್ತು ಇವುಗಳಲ್ಲಿ ಕೇಳಿಸುವುದು ಬೇರೆಯವರ ದನಿ. ಕಟ್ಟಡಗಳನ್ನು ಕಂಡಲ್ಲೆಲ್ಲ ಗೊಣಗುವ, ತನ್ನನ್ನೇ ಗೇಲಿ ಮಾಡಿಕೊಳ್ಳುವ ಪೀಟರ್‌ನ ದನಿಗಾಗಿ ಸರಣಿಗೆ ಬರುವವರಿಗೆ ಇವು ಅಪೂರ್ಣವೆನಿಸಬಹುದು. ಚಿತ್ರಕಾದಂಬರಿಗಳೂ ಇವೆ, ಆ ರೂಪ ಇಷ್ಟಪಡುವವರಿಗೆ. ಅವುಗಳನ್ನು ಓದದೆ ಮುಖ್ಯ ಕಥೆಯಲ್ಲಿ ಏನೂ ತಪ್ಪುವುದಿಲ್ಲ.

ಕೇಳುವುದು, ಸಾರಾಂಶ ಓದುವುದು

ಈ ಸರಣಿಯ ಇಂಗ್ಲಿಷ್ ಸುಲಭವಲ್ಲ. ವ್ಯಾಕರಣ ಸರಳ, ಆದರೆ ಲಂಡನ್ ಪೊಲೀಸರ ಒಳಮಾತು ತುಂಬಾ ಇದೆ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಕಾದಂಬರಿಗಳನ್ನು ನಿಧಾನವಾಗಿ ಓದುವ ನನ್ನಂಥವರಿಗೆ ಮೊದಲ ಐವತ್ತು ಪುಟ ಕಲ್ಲುದಾರಿ. ಅಂಥವರಿಗೆ ಕೋಬ್ನಾ ಹೋಲ್ಡ್‌ಬ್ರುಕ್ ಸ್ಮಿತ್ ಓದಿರುವ ಆಡಿಯೋ ಪುಸ್ತಕಗಳನ್ನು ಸೂಚಿಸುತ್ತೇನೆ. ಒಬ್ಬೊಬ್ಬ ಪಾತ್ರಕ್ಕೂ ಒಂದೊಂದು ಉಚ್ಚಾರಣೆ ಕೊಡುತ್ತಾರೆ. ಮೊದಲು ಕಿವಿಗೆ ಕಷ್ಟ, ಎರಡನೆಯ ಗಂಟೆಯಿಂದ ಪುಟದಲ್ಲಿ ಕಾಣದ ಹಾಸ್ಯ ಕೇಳಿಸತೊಡಗುತ್ತದೆ. ವೈಟ್‌ಫೀಲ್ಡಿಗೆ ದಿನಾ ಹೋಗಿಬರುವವರಿಗೆ ಮೇಲೆ ಹೇಳಿದ ಎಂಬತ್ತು ದಿನದ ಲೆಕ್ಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸರಣಿಯನ್ನು ಒಂದರಿಂದ ಹಿಡಿಯುವ ಆಸೆಯಿದ್ದು ಸಮಯವಿಲ್ಲದವರಿಗೆ ನನ್ನ ಮೊದಲ ಸಲಹೆ ಇದು.

ಸಾರಾಂಶದ ವಿಷಯದಲ್ಲಿ ನನಗೆ ಒಲವಿಲ್ಲ. ವಾರಪತ್ರಿಕೆಯ ಧಾರಾವಾಹಿಗಳ ತಲೆಯ ಮೇಲೆ 'ಇಲ್ಲಿಯವರೆಗೆ' ಎಂದು ನಾಲ್ಕು ಸಾಲು ಇರುತ್ತಿದ್ದವಲ್ಲ, ಒಂದು ವಾರ ತಪ್ಪಿಸಿದವರಿಗೆ ಅವು ಸಾಕು. ನಾಲ್ಕು ಪುಸ್ತಕ ತಪ್ಪಿಸಿದವರಿಗೆ ಯಾರು ಯಾರಿಗೆ ದ್ರೋಹ ಮಾಡಿದರು ಎಂಬ ಪಟ್ಟಿ ಸಿಗುತ್ತದೆ. ಗುಟ್ಟು ಹೋಯಿತು, ಅದರ ಬದಲಿಗೆ ಅನುಭವವೂ ಬರಲಿಲ್ಲ. ಎರಡೂ ಕಡೆಯಿಂದ ನಷ್ಟ.

ಆದರೆ ಬಿಟ್ಟು ಹಿಂದಿರುಗುವವರಿಗೆ ಸಾರಾಂಶವೇ ಮೇಲು. 2018ರಲ್ಲಿ ಏಳನೆಯದನ್ನು ಮುಗಿಸಿ ಮರೆತವರು, 2025ರಲ್ಲಿ ಬಂದ ಹತ್ತನೆಯದಾದ 'ಸ್ಟೋನ್ ಆ್ಯಂಡ್ ಸ್ಕೈ' ಕಂಡು ಕೈ ತುರಿಸಿಕೊಂಡವರು ನನಗೆ ಗೊತ್ತು. ಅವರು ಏಳನ್ನೂ ಮತ್ತೆ ಓದಬೇಕಾಗಿಲ್ಲ. ಏಳನೆಯದರ ಕೊನೆಯ ನೂರು ಪುಟ ಓದಲಿ, ಉಳಿದದ್ದಕ್ಕೆ ಸಾರಾಂಶ ನೋಡಲಿ, 2020ರ 'ಫಾಲ್ಸ್ ವ್ಯಾಲ್ಯೂ' ಎತ್ತಿಕೊಳ್ಳಲಿ. ಹಳೆಯ ಲೆಕ್ಕ ಮುಗಿದು ಹೊಸ ಖಾತೆ ತೆರೆಯುವುದು ಆ ಎಂಟನೆಯ ಪುಸ್ತಕದಲ್ಲೇ. ಹತ್ತನೆಯದು ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೋಗುತ್ತದೆ. ಪೀಟರ್ ಜೊತೆಗೆ ಅಬಿಗೇಲ್ ಕೂಡ ಕಥೆ ಹೇಳುತ್ತಾಳೆ. ಆದ್ದರಿಂದ ಅದಕ್ಕೆ ಮೊದಲು ಅಬಿಗೇಲಳ ಕಿರುಕಾದಂಬರಿ ಓದಿದ್ದರೆ ಒಳ್ಳೆಯದು.

ಬೇರೆ ಸರಣಿ ಕೈಯಲ್ಲಿದ್ದರೆ

ಡ್ರೆಸ್ಡನ್ ಸರಣಿಯ ವಿಷಯದಲ್ಲಿ ನನ್ನ ಸಲಹೆ ತಲೆಕೆಳಗು. 2000ದಲ್ಲಿ ಬಂದ ಮೊದಲನೆಯದು 'ಸ್ಟಾರ್ಮ್ ಫ್ರಂಟ್', ಮರುವರ್ಷದ ಎರಡನೆಯದು 'ಫೂಲ್ ಮೂನ್'. ಎರಡೂ ನನ್ನ ನಾಲಿಗೆಗೆ ಹಸಿಹಸಿ. ಅವನ್ನು ಓದಿ ಸರಣಿಯನ್ನೇ ಬಿಟ್ಟವರಿದ್ದಾರೆ. ಮೂರನೆಯದಾದ 'ಗ್ರೇವ್ ಪೆರಿಲ್'ನಿಂದ ಶುರುಮಾಡಿದರೆ ತಪ್ಪಿಲ್ಲ. ಅಲ್ಲಿ ಮೈಕಲ್ ಎಂಬ ಗೆಳೆಯ ಹಳೆಯ ಪರಿಚಯದವನಂತೆ ಬಂದುಬಿಡುತ್ತಾನೆ, ನಡುವೆ ಒಂದು ಪುಸ್ತಕ ತಪ್ಪಿತೇ ಎಂದು ಹುಡುಕಬೇಡಿ, ಹಿಂದಿನ ಎರಡನ್ನು ಓದಿದವರಿಗೂ ಅವನು ಹೊಸಬನೇ. 'ಚೇಂಜಸ್' ಮತ್ತು ಅದರ ನಂತರದ 'ಘೋಸ್ಟ್ ಸ್ಟೋರಿ'ಯನ್ನು ಮಾತ್ರ ಎಂದಿಗೂ ಮೊದಲು ಮುಟ್ಟಬೇಡಿ. 2020ರ 'ಪೀಸ್ ಟಾಕ್ಸ್' ಮತ್ತು 'ಬ್ಯಾಟಲ್ ಗ್ರೌಂಡ್' ಒಂದೇ ಕಥೆಯ ಎರಡು ಹೋಳು. ಒಂದೇ ಸಿಕ್ಕಿದ್ದರೆ ಇನ್ನೊಂದು ಸಿಗುವವರೆಗೆ ಕಾಯಬೇಕು.

ಮುಗಿದ ಕಥೆಯೇ ಬೇಕೆನ್ನುವವರಿಗೆ, ಇಲೋನಾ ಆ್ಯಂಡ್ರೂಸ್ ಎಂಬ ಹೆಸರಿನಲ್ಲಿ ಗಂಡ ಹೆಂಡತಿ ಕೂಡಿ ಬರೆದ ಕೇಟ್ ಡೇನಿಯಲ್ಸ್ ಸರಣಿ ಇದೆ. ಅಟ್ಲಾಂಟಾ ನಗರದ ಕಥೆ. 2007ರಿಂದ 2018ರ ತನಕ ಹತ್ತು ಮುಖ್ಯ ಕಾದಂಬರಿಗಳು. ಮೊದಲ ಪುಸ್ತಕದಲ್ಲಿ ನಾಯಕಿ ಮುಚ್ಚಿಟ್ಟ ತನ್ನ ಹುಟ್ಟಿನ ಸಂಗತಿಯೇ ಕೊನೆಯವರೆಗೂ ಎಳೆದುಕೊಂಡು ಹೋಗುವ ಹಗ್ಗ. ನಡುವೆ ಹತ್ತುವುದು ವ್ಯರ್ಥ, ಒಂದರಿಂದಲೇ ಬನ್ನಿ.

ಅಕ್ಕನ ಮಗಳು ಏನು ಮಾಡಿದಳು ಎಂದರೆ, ನಾನು ಇಷ್ಟೆಲ್ಲ ವಿವರಿಸಿ ಮುಗಿಸುವ ಹೊತ್ತಿಗೆ ಐದನೆಯದರ ನಲವತ್ತು ಪುಟ ಓದಿಯಾಗಿತ್ತು. ಎರಡು ರಾತ್ರಿಯಲ್ಲಿ ಮುಗಿಸಿದಳು. ಮೂರನೆಯ ದಿನ ಕೇಳಿದ ಪ್ರಶ್ನೆ: "ಮಾಮ, ಆ ಸಂದೇಶ ಕಳುಹಿಸುವವರು ಮೊದಲು ಹೇಗಿದ್ದರು?" ಉತ್ತರದ ಬದಲು ನನ್ನ ಮೊದಲ ಪುಸ್ತಕವನ್ನು ಕೊಟ್ಟೆ. ಈಗ ಎರಡನೆಯದರ ನಡುವೆ ಇದ್ದಾಳೆ. ಆ ವ್ಯಕ್ತಿ ಬಂದಾಗಲೆಲ್ಲ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತಾಳಂತೆ. ನಾನು ನಕ್ಕು ದಾಟಿದ ಸಾಲುಗಳ ಮೇಲೆ ಅವಳು ನಿಲ್ಲುತ್ತಿದ್ದಾಳೆ, ನನಗೆ ಕಾಣದ್ದನ್ನು ನೋಡುತ್ತಿದ್ದಾಳೆ. ಗುಟ್ಟಿನ ಬೆಲೆಯ ಬಗ್ಗೆ ಮೇಲೆ ಬರೆದದ್ದನ್ನು ಅಳಿಸುವಷ್ಟು ದೊಡ್ಡ ಸಂಗತಿಯಲ್ಲ ಇದು, ಆದರೆ ತಕ್ಕಡಿಯ ಇನ್ನೊಂದು ತಟ್ಟೆಗೆ ಒಂದು ಬೊಟ್ಟು ಹೆಚ್ಚು ಹಾಕಿದೆ.

ನಾಲ್ಕನೆಯದು ನನ್ನ ಕಪಾಟಿನಲ್ಲಿಲ್ಲ. ಯಾರೋ ಒಯ್ದವರು ಹಿಂದಿರುಗಿಸಿಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಕಂಡರೆ ಎರಡು ಪ್ರತಿ ತರಲು ಅವಳಿಗೆ ಹೇಳಿದ್ದೇನೆ.